ಸಮಬಲದ ತಕರಾರು, ಎಕ್ಸೆಲ್ ಹಾಳೆಯ ತೀರ್ಪು

2024ರ ಮೇ 18ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಚೆನ್ನೈ ತಂಡದ ಮುಂದೆ ಎರಡು ಗುರಿಗಳಿದ್ದವು. ಪಂದ್ಯ ಗೆಲ್ಲಲು 219 ರನ್ ಬೇಕು. ಪ್ಲೇಆಫ್‌ಗೆ ಹೋಗಲು 201 ಆದರೂ ಸಾಕು. ಕೊನೆಯ ಓವರಿನ ಹೊತ್ತಿಗೆ ಮೊದಲನೆಯ ಗುರಿ ಯಾರಿಗೂ ನೆನಪಿರಲಿಲ್ಲ. ಇನ್ನು 17 ರನ್ ಬಂದರೆ ಚೆನ್ನೈ ಸೋತೂ ಮುಂದಕ್ಕೆ ಹೋಗುತ್ತಿತ್ತು. ಧೋನಿ ಮೊದಲ ಎಸೆತವನ್ನು ಸಿಕ್ಸರ್‌ಗೆ ಅಟ್ಟಿದರು, ಮರು ಎಸೆತದಲ್ಲಿ ಔಟಾದರು. ಯಶ್ ದಯಾಳ್ ಆ ಓವರಿನಲ್ಲಿ ಕೊಟ್ಟದ್ದು ಏಳೇ ರನ್. ಆರ್‌ಸಿಬಿ 27 ರನ್‌ಗಳಿಂದ ಗೆದ್ದಿತು, ಊರಿಗೆ ಊರೇ ಕುಣಿಯಿತು.

ಲೀಗ್ ಮುಗಿದಾಗ ಆರ್‌ಸಿಬಿ, ಚೆನ್ನೈ, ಡೆಲ್ಲಿ, ಲಖನೌ ನಾಲ್ಕೂ ತಂಡಗಳ ಹೆಸರಿನ ಮುಂದೆ ಇದ್ದದ್ದು ಅದೇ 14 ಅಂಕ, ಅದೇ ಏಳು ಗೆಲುವು, ಅದೇ ಏಳು ಸೋಲು. ಒಳಗೆ ಹೋದದ್ದು ಒಂದೇ ತಂಡ. ಆರ್‌ಸಿಬಿಯ ನೆಟ್ ರನ್‌ರೇಟ್ 0.459, ಚೆನ್ನೈಯದು 0.392. ಎರಡು ತಿಂಗಳ ಆಟವನ್ನು ತೀರ್ಮಾನಿಸಿದ್ದು ದಶಮಾಂಶದ ಆಚೆಯ ಈ ಸಣ್ಣ ಅಂತರ.

ಇಂಥ ತೀರ್ಮಾನ ಈಗ ಐಪಿಎಲ್‌ಗೆ ಮಾತ್ರ ಸೀಮಿತವಲ್ಲ. ತಾಲ್ಲೂಕು ಮಟ್ಟದ ಹೊನಲು ಬೆಳಕಿನ ವಾಲಿಬಾಲ್, ಬಡಾವಣೆಯ ಟೆನಿಸ್ ಬಾಲ್ ಕ್ರಿಕೆಟ್, ಶಾಲೆಗಳ ಚೆಸ್, ಕಚೇರಿಯ ಕೇರಂ, ಎಲ್ಲ ಕಡೆಯೂ ಮೇಜಿನ ಹಿಂದೆ ಒಬ್ಬರು ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟನ್ನು ಆ್ಯಪಲ್ ಕಂಪ್ಯೂಟರಿಗೆ ಬರೆದಾಗ ಅವರ ಕಣ್ಣ ಮುಂದಿದ್ದದ್ದು ವ್ಯಾಪಾರದ ಲೆಕ್ಕ. ಇವತ್ತು ಅದೇ ಚೌಕಗಳ ಹಾಳೆ ಊರೂರಿನಲ್ಲಿ ತೀರ್ಪುಗಾರನಾಗಿ ಕೂತಿದೆ. ‘ಎಕ್ಸೆಲ್ ಹೀಗೆ ತೋರಿಸ್ತಿದೆ ಸಾರ್’ ಎಂದರೆ ಮುಂದೆ ಮಾತಿಲ್ಲ. ಆದರೆ ಎಕ್ಸೆಲ್ ತಾನಾಗಿ ಏನನ್ನೂ ತೋರಿಸುವುದಿಲ್ಲ. ಸಮಬಲವನ್ನು ಬಿಡಿಸುವುದು ನಿಯಮ. ಆ ನಿಯಮವನ್ನು ಯಾರೋ ಒಬ್ಬರು, ಎಷ್ಟೋ ಸಲ ತಮಗೇ ಗೊತ್ತಿಲ್ಲದೆ, ಫಾರ್ಮುಲಾದೊಳಗೆ ಬರೆದಿರುತ್ತಾರೆ. ಈ ಲೇಖನದಲ್ಲಿ ನೋಡಹೊರಟಿರುವುದು ಅಂಥ ಬರಹಗಳನ್ನೇ.

ಎಲ್ಲರೂ ಮೊದಲು ಕೈಹಾಕುವುದು ರ್ಯಾಂಕ್ ಎಂಬ ಫಂಕ್ಷನ್‌ಗೆ. ಅಂಕಗಳ ಕಾಲಂ ತೋರಿಸಿದರೆ ಪ್ರತಿಯೊಬ್ಬರ ಸ್ಥಾನ ಹೇಳುತ್ತದೆ. 2024ರ ಐಪಿಎಲ್ ಪಟ್ಟಿಯನ್ನು ಕೊಟ್ಟರೆ 20 ಅಂಕದ ಕೋಲ್ಕತ್ತಕ್ಕೆ 1, ತಲಾ 17 ಅಂಕದ ಹೈದರಾಬಾದ್ ಮತ್ತು ರಾಜಸ್ಥಾನಕ್ಕೆ 2 ಮತ್ತು 2, ನಮ್ಮ ನಾಲ್ಕು ತಂಡಗಳಿಗೂ 4, ಆಮೇಲೆ 12 ಅಂಕದ ಗುಜರಾತ್‌ಗೆ ನೇರ 8. ಇದು ದೋಷವಲ್ಲ, ಪ್ರಾಮಾಣಿಕತೆ. ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಕತಾರಿನ ಬಾರ್ಶಿಮ್ ಮತ್ತು ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ಹಾರಿ ಚಿನ್ನ ಹಂಚಿಕೊಂಡಾಗ ಬೆಲರೂಸಿನ ಮೂರನೆಯವನಿಗೆ ಸಿಕ್ಕಿದ್ದು ಕಂಚು. ಬೆಳ್ಳಿ ಯಾರಿಗೂ ಸಿಗಲಿಲ್ಲ. ರ್ಯಾಂಕ್ ಫಂಕ್ಷನ್ ಮಾಡುವುದೂ ಅದನ್ನೇ: 1, 1, 3. ಎಕ್ಸೆಲ್ 2010ರಿಂದ ಇದಕ್ಕೆ ಇಬ್ಬರು ವಾರಸುದಾರರು ಬಂದಿದ್ದಾರೆ. ಒಂದು ಹಳೆಯ ರೀತಿಯಲ್ಲೇ ಎಣಿಸುತ್ತದೆ, ಇನ್ನೊಂದು ಸರಾಸರಿ ಸ್ಥಾನ ಕೊಡುತ್ತದೆ. ಎರಡು ಮತ್ತು ಮೂರನೆಯ ಸ್ಥಾನಕ್ಕೆ ಇಬ್ಬರಿದ್ದರೆ ತಲಾ ಎರಡೂವರೆ.

ತೊಂದರೆ ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಂಘಟಕರಿಗೆ ಒಂದೇ ಅಂಕಿ ಎರಡು ಸಲ ಕಾಣುವುದು ಇಷ್ಟವಿಲ್ಲ. ಹುಡುಕಿದರೆ ಒಂದು ಸುಲಭದ ಉಪಾಯ ಸಿಗುತ್ತದೆ: ಪ್ರತಿಯೊಬ್ಬರ ಅಂಕದಿಂದ ಅವರ ಸಾಲಿನ ಸಂಖ್ಯೆಯ ಹತ್ತು ಲಕ್ಷದ ಒಂದು ಪಾಲನ್ನು ಕಳೆಯಿರಿ. ಯಾವ ಎರಡು ಸಾಲುಗಳ ಸಂಖ್ಯೆಯೂ ಒಂದೇ ಅಲ್ಲವಾದ್ದರಿಂದ ಯಾವ ಎರಡು ಮೊತ್ತವೂ ಒಂದೇ ಆಗದು. ಪಟ್ಟಿ ಅಚ್ಚುಕಟ್ಟಾಗಿ 1ರಿಂದ 10ರವರೆಗೆ ಇಳಿಯುತ್ತದೆ. ಆದರೆ ಇಲ್ಲಿ ಗೆದ್ದವರು ಯಾರು? ಹೆಸರು ಮೊದಲು ಬರೆಸಿದವರು. ಪಟ್ಟಿ ಅಕಾರಾದಿಯಲ್ಲಿದ್ದರೆ ಅನಿಲ ಗೆದ್ದ, ಹರೀಶ ಸೋತ. ಸಾರ್ಟ್ ಗುಂಡಿ ಒತ್ತಿದಾಗಲೂ ಇದೇ ಕಥೆ. ಸಮಾನ ಬಿದ್ದವರನ್ನು ಅದು ಮೊದಲಿದ್ದ ಕ್ರಮದಲ್ಲೇ ಬಿಡುತ್ತದೆ. ನೋಡುವವರಿಗೆ ಅದು ಶ್ರೇಯಾಂಕದಂತೆ ಕಾಣುತ್ತದೆ. ನಾನು ಕಂಡ ಸ್ಪ್ರೆಡ್‌ಶೀಟ್ ಉಪಾಯಗಳಲ್ಲಿ ಇದಕ್ಕಿಂತ ಅನ್ಯಾಯದ್ದು ಇನ್ನೊಂದಿಲ್ಲ. ಡ್ಯಾಶ್‌ಬೋರ್ಡ್ ತಯಾರಿಸುವವರಿಗೆ ಸರಿ, ಕಪ್ ಕೊಡುವವರಿಗೆ ಸಲ್ಲ.

ಎರಡನೆಯ ದಾರಿ ಎಲ್ಲ ಮಾನದಂಡಗಳನ್ನೂ ಕೂಡಿಸಿ ಒಂದೇ ದೊಡ್ಡ ಸಂಖ್ಯೆ ಮಾಡುವುದು. ಅಂಕವನ್ನು ನೂರರಿಂದಲೋ ಸಾವಿರದಿಂದಲೋ ಗುಣಿಸಿ, ಅದಕ್ಕೆ ಗೋಲು ವ್ಯತ್ಯಾಸ ಸೇರಿಸಿ, ಆ ಮೊತ್ತಕ್ಕೆ ರ್ಯಾಂಕ್ ಹಾಕುವುದು. ಸರಳವೇನೋ ಹೌದು, ಆದರೆ ಗುಣಕ ಸಣ್ಣದಾದರೆ ಕೆಡುತ್ತದೆ. ನೂರರಿಂದ ಗುಣಿಸಿದ್ದೀರಿ ಎನ್ನಿ. 7 ಅಂಕ, ಗೋಲು ವ್ಯತ್ಯಾಸ ಮೈನಸ್ 60 ಇರುವ ತಂಡಕ್ಕೆ 640 ಬರುತ್ತದೆ. 6 ಅಂಕ, ಪ್ಲಸ್ 45 ಇರುವ ತಂಡಕ್ಕೆ 645. ಕಡಿಮೆ ಅಂಕದವರು ಮೇಲೆ ಹೋದರು! ಗುಣಕವು ಅತಿ ದೊಡ್ಡ ವ್ಯತ್ಯಾಸಕ್ಕಿಂತ ದೊಡ್ಡದಾಗಿದ್ದರೆ ಸಾಲದು, ಅತಿ ದೊಡ್ಡದಕ್ಕೂ ಅತಿ ಸಣ್ಣದಕ್ಕೂ ನಡುವಿನ ಅಂತರವನ್ನೇ ಮೀರಿರಬೇಕು. ಹಾಗೆಂದು ಸೊನ್ನೆಗಳನ್ನು ಸುರಿಯುವಂತೆಯೂ ಇಲ್ಲ. ಎಕ್ಸೆಲ್ ನೆಚ್ಚಿಕೊಳ್ಳಬಹುದಾದದ್ದು 15 ಅಂಕಿಗಳವರೆಗೆ ಮಾತ್ರ. ಮೂರು ಮೂರು ಅಂಕಿಯ ಐದು ಮಾನದಂಡ ಜೋಡಿಸಿದರೆ ಜಾಗ ಮುಗಿಯಿತು, ಆರನೆಯದು ಸದ್ದಿಲ್ಲದೆ ಕಳೆದುಹೋಗುತ್ತದೆ.

ನಾನು ಒಪ್ಪುವ ದಾರಿ ಮೂರನೆಯದು. ಎಕ್ಸೆಲ್ 2007ರಲ್ಲಿ ಬಂದ ಕೌಂಟ್‌ಇಫ್ಸ್ ಎಂಬ ಫಂಕ್ಷನ್ ಹಲವು ಷರತ್ತುಗಳಿಗೆ ಒಟ್ಟಿಗೆ ಹೊಂದುವ ಸಾಲುಗಳನ್ನು ಎಣಿಸುತ್ತದೆ. ಒಂದು ತಂಡದ ಸ್ಥಾನವನ್ನು ಹೀಗೆ ಕೇಳಿ: ಇದಕ್ಕಿಂತ ಹೆಚ್ಚು ಅಂಕದ ತಂಡಗಳು ಎಷ್ಟು? ಇದರಷ್ಟೇ ಅಂಕವಿದ್ದು ರನ್‌ರೇಟ್ ಹೆಚ್ಚಿರುವವು ಎಷ್ಟು? ಎರಡನ್ನೂ ಕೂಡಿಸಿ, ಒಂದು ಸೇರಿಸಿ. ಚೆನ್ನೈಗಿಂತ ಹೆಚ್ಚು ಅಂಕದವರು ಮೂವರು. ಸಮಾನ ಅಂಕ, ಹೆಚ್ಚು ರನ್‌ರೇಟ್ ಇರುವುದು ಆರ್‌ಸಿಬಿ ಒಂದೇ. ಅಲ್ಲಿಗೆ ಐದನೆಯ ಸ್ಥಾನ. ಲಖನೌಗೆ ಮೂರು, ಮತ್ತೆ ಮೂರು, ಒಂದು: ಏಳು. ಮೂರನೆಯ ಮಾನದಂಡ ಬೇಕೆಂದರೆ ಇನ್ನೊಂದು ಎಣಿಕೆ ಸೇರಿಸಿದರಾಯಿತು. ಗುಣಕದ ಗೊಡವೆಯಿಲ್ಲ, ಮೈನಸ್ ಸಂಖ್ಯೆಯ ಭಯವಿಲ್ಲ. ಎಲ್ಲ ಮಾನದಂಡಗಳಲ್ಲೂ ಸಮನಾದವರಿಗೆ ಒಂದೇ ಸ್ಥಾನ ಕಾಣುತ್ತದೆ, ಅಂದರೆ ಬಿಡಿಸಲಾಗದ ಗಂಟು ಗಂಟಾಗಿಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಯಮ ಓದಿದವರು ಫಾರ್ಮುಲಾವನ್ನೂ ಅದೇ ಕ್ರಮದಲ್ಲಿ ಓದಬಹುದು. ಹೊಸ ಎಕ್ಸೆಲ್, ಗೂಗಲ್ ಶೀಟ್ಸ್ ಮತ್ತು 24.8ನೇ ಆವೃತ್ತಿಯಿಂದೀಚೆಗಿನ ಲಿಬ್ರೆಆಫೀಸ್‌ನಲ್ಲಿ ಪಟ್ಟಿಯನ್ನು ತಾನಾಗಿ ಕ್ರಮಕ್ಕೆ ತರುವ ಸಾರ್ಟ್ ಬಗೆಯ ಫಂಕ್ಷನ್‌ಗಳಿವೆ. ಗೋಡೆಗೆ ಹಚ್ಚುವ ಪಟ್ಟಿಗೆ ಅವು ಚೆನ್ನ. ಸ್ಥಾನದ ಲೆಕ್ಕ ಮಾತ್ರ ಎಣಿಕೆಯಿಂದಲೇ ಬರಲಿ.

ಫಾರ್ಮುಲಾ ಸರಿಯಿದ್ದರೂ ಒಳಗೆ ಹಾಕುವ ಅಂಕಿ ಕೆಟ್ಟಿರಬಹುದು. ಕ್ರಿಕೆಟ್ ಇದಕ್ಕೆ ಹೇಳಿ ಮಾಡಿಸಿದ ಆಟ. ನೆಟ್ ರನ್‌ರೇಟ್ ಎಂದರೆ ಇಡೀ ಟೂರ್ನಿಯಲ್ಲಿ ಹೊಡೆದ ರನ್‌ಗಳನ್ನು ಆಡಿದ ಓವರುಗಳಿಂದ ಭಾಗಿಸಿ, ಅದರಿಂದ ಬಿಟ್ಟುಕೊಟ್ಟ ರನ್‌ಗಳನ್ನು ಎಸೆದ ಓವರುಗಳಿಂದ ಭಾಗಿಸಿದ್ದನ್ನು ಕಳೆಯುವುದು. ಆದರೆ ನಾವು 18.4 ಓವರ್ ಎಂದು ಬರೆಯುವುದು ದಶಮಾಂಶವಲ್ಲ, ಹದಿನೆಂಟು ಓವರು ನಾಲ್ಕು ಎಸೆತ. ಎಕ್ಸೆಲ್‌ಗೆ ಇದು ಗೊತ್ತಿಲ್ಲ. 160 ರನ್‌ಗಳನ್ನು 18.4ರಿಂದ ಭಾಗಿಸಿ 8.70 ಎನ್ನುತ್ತದೆ, ನಿಜವಾದ ದರ 8.57. ಒಂದು ಪಂದ್ಯಕ್ಕೆ 0.12ರ ತಪ್ಪು, ಮೂರು ಪಂದ್ಯಗಳ ಗುಂಪಿನಲ್ಲಿ ಸುಮಾರು 0.04. ಆರ್‌ಸಿಬಿ ಮತ್ತು ಚೆನ್ನೈ ನಡುವೆ ಇದ್ದದ್ದು 0.067 ಎಂಬುದನ್ನು ನೆನೆದರೆ ಇದು ಸಣ್ಣದಲ್ಲ. ಕೂಡುವಾಗ ಇನ್ನೂ ಕೆಡುತ್ತದೆ: 18.4ಕ್ಕೆ 19.5 ಸೇರಿಸಿದರೆ ಹಾಳೆ 37.9 ಎನ್ನುತ್ತದೆ, ಆಗಬೇಕಾದ್ದು 38.3. ಇದಕ್ಕೆ ಪೂರ್ಣಾಂಕ ಬೇರೆ, ಉಳಿದ ಎಸೆತ ಬೇರೆ ಮಾಡಿ ಆರರಿಂದ ಭಾಗಿಸುವ ಫಾರ್ಮುಲಾ ಉಂಟು. ಅದಕ್ಕಿಂತ ನೇರವಾದದ್ದು ಎಸೆತಗಳನ್ನೇ ಬರೆದಿಡುವುದು. 18.4ರ ಬದಲು 112 ಎಂದು ತುಂಬಿ, ಕೊನೆಗೆ ರನ್‌ಗಳನ್ನು ಆರರಿಂದ ಗುಣಿಸಿ ಎಸೆತಗಳಿಂದ ಭಾಗಿಸಿ. ಇನ್ನೆರಡು ಮಾತು ಬಹಳ ಜನ ಮರೆಯುತ್ತಾರೆ: ಆಲೌಟ್ ಆದ ತಂಡಕ್ಕೆ ಪೂರ್ತಿ 20 ಓವರ್ ಲೆಕ್ಕ, ಮತ್ತು ಪ್ರತಿ ಪಂದ್ಯದ ದರ ಬೇರೆ ಬೇರೆ ತೆಗೆದು ಸರಾಸರಿ ಮಾಡಿದರೆ ಅದು ನೆಟ್ ರನ್‌ರೇಟ್ ಅಲ್ಲ.

ಎಷ್ಟು ದಶಮಾಂಶ ಸ್ಥಾನದವರೆಗೆ ನೋಡುತ್ತೀರಿ ಎಂಬುದನ್ನೂ ನಿಯಮವೇ ಹೇಳಬೇಕು. ಪರದೆಯ ಮೇಲೆ ಇಬ್ಬರಿಗೂ 0.459 ಎಂದು ಕಂಡರೂ ಒಳಗೆ ಹದಿನೈದನೆಯ ಅಂಕಿಯಲ್ಲಿ ವ್ಯತ್ಯಾಸವಿರಬಹುದು. ಅದು ಆಟದ ವ್ಯತ್ಯಾಸವಲ್ಲದೆ, ಕಂಪ್ಯೂಟರ್ ಭಿನ್ನರಾಶಿಗಳನ್ನು ಇಟ್ಟುಕೊಳ್ಳುವ ರೀತಿಯ ಶೇಷವೂ ಆಗಿರಬಹುದು. ರೌಂಡ್ ಫಂಕ್ಷನ್‌ನಿಂದ ಮೊದಲು ಕತ್ತರಿಸಿ, ಆಮೇಲೆ ಹೋಲಿಸಿ.

ಮಾನದಂಡ ಯಾವುದಿರಬೇಕು ಎಂಬುದು ಲೆಕ್ಕಕ್ಕಿಂತ ಹಿರಿಯ ಪ್ರಶ್ನೆ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ದಶಕಗಳ ಕಾಲ ಗೋಲು ಸರಾಸರಿ ಬಳಸುತ್ತಿತ್ತು, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟ ಗೋಲುಗಳಿಂದ ಭಾಗಿಸುವುದು. 1976ರಲ್ಲಿ ಅದನ್ನು ಬಿಟ್ಟು ಕಳೆಯುವ ಪದ್ಧತಿಗೆ ಬಂದರು. 1989ರ ಮೇ 26ರಂದು ಆರ್ಸೆನಲ್ ತಂಡ ಲಿವರ್‌ಪೂಲನ್ನು ಅದರ ನೆಲದಲ್ಲೇ 2-0ಯಿಂದ ಸೋಲಿಸಿತು. ಎರಡಕ್ಕೂ 76 ಅಂಕ. ಆರ್ಸೆನಲ್ 73 ಹೊಡೆದು 36 ಬಿಟ್ಟಿತ್ತು, ಲಿವರ್‌ಪೂಲ್ 65 ಹೊಡೆದು 28 ಬಿಟ್ಟಿತ್ತು. ವ್ಯತ್ಯಾಸ ಎರಡಕ್ಕೂ 37. ಹೆಚ್ಚು ಗೋಲು ಹೊಡೆದದ್ದಕ್ಕೆ ಆರ್ಸೆನಲ್ ಚಾಂಪಿಯನ್. ಹಳೆಯ ಭಾಗಾಕಾರದ ನಿಯಮವೇ ಉಳಿದಿದ್ದರೆ ಲಿವರ್‌ಪೂಲ್ 2.32, ಆರ್ಸೆನಲ್ 2.03, ಕಪ್ ಬೇರೆಯವರ ಮನೆಗೆ ಹೋಗುತ್ತಿತ್ತು. ಒಂದೇ ಪಟ್ಟಿ, ಒಂದು ಸೆಲ್‌ನಲ್ಲಿ ಭಾಗಾಕಾರದ ಬದಲು ವ್ಯವಕಲನ, ಇಬ್ಬರು ಚಾಂಪಿಯನ್ನರು. ಭಾಗಾಕಾರ ಕಾವಲು ಗಟ್ಟಿ ಇರುವವರನ್ನು ಮೆಚ್ಚುತ್ತದೆ. ಕಳೆಯುವುದು ನುಗ್ಗುವವರನ್ನೂ ಕಾಯುವವರನ್ನೂ ಸಮನಾಗಿ ನೋಡುತ್ತದೆ. ಒಟ್ಟು ಗೋಲು ನುಗ್ಗುವವರ ಪರ. ವಾಲಿಬಾಲ್‌ನಲ್ಲಿ ಇವತ್ತಿಗೂ ಸೆಟ್ ಅನುಪಾತ, ಪಾಯಿಂಟ್ ಅನುಪಾತ ಎಂದು ಭಾಗಾಕಾರವೇ ನಡೆಯುತ್ತದೆ. ಒಂದೂ ಸೆಟ್ ಸೋಲದ ತಂಡ ಇದ್ದರೆ ಸೊನ್ನೆಯಿಂದ ಭಾಗಿಸಲಾಗದೆ ಹಾಳೆ ದೋಷ ತೋರಿಸುತ್ತದೆ, ಎಲ್ಲರಿಗಿಂತ ಚೆನ್ನಾಗಿ ಆಡಿದವರ ಸ್ಥಾನವೇ ಖಾಲಿ ಬೀಳುತ್ತದೆ. ಅಂಥವರಿಗೆ ದೊಡ್ಡದೊಂದು ಸಂಖ್ಯೆ ಕೊಡುವ ಷರತ್ತು ಮೊದಲೇ ಇರಲಿ.

ಪರಸ್ಪರ ಆಡಿದ ಪಂದ್ಯದ ಫಲಿತಾಂಶವನ್ನೇ ಮೊದಲು ನೋಡಬೇಕು ಎಂಬ ವಾದ ಜನರಿಗೆ ಬೇಗ ಹಿಡಿಸುತ್ತದೆ. 2019ರ ವಿಶ್ವಕಪ್ ಕ್ರಿಕೆಟ್‌ನಲ್ಲಿ ಪಾಕಿಸ್ತಾನ ಮತ್ತು ನ್ಯೂಜಿಲೆಂಡ್ ಎರಡಕ್ಕೂ 11 ಅಂಕ, ತಲಾ ಐದು ಗೆಲುವು. ಪಾಕಿಸ್ತಾನ ನ್ಯೂಜಿಲೆಂಡನ್ನು ಸೋಲಿಸಿತ್ತು. ಆದರೂ ರನ್‌ರೇಟ್ ಮೇಲೆ ಸೆಮಿಫೈನಲ್‌ಗೆ ಹೋದದ್ದು ನ್ಯೂಜಿಲೆಂಡ್. ಅದೇ ನ್ಯೂಜಿಲೆಂಡ್ ಫೈನಲ್‌ನಲ್ಲಿ 241ಕ್ಕೆ 241, ಸೂಪರ್ ಓವರಿನಲ್ಲಿ 15ಕ್ಕೆ 15 ಮಾಡಿ, ಬೌಂಡರಿ ಎಣಿಕೆಯಲ್ಲಿ 26ರ ಎದುರು 17 ಬಂದು ಕಪ್ ಕಳೆದುಕೊಂಡಿತು. ಕೆಲವೇ ತಿಂಗಳಲ್ಲಿ ಐಸಿಸಿ ಆ ನಿಯಮವನ್ನು ಕೈಬಿಟ್ಟಿತು.

ಇಬ್ಬರೇ ಸಮನಾಗಿದ್ದರೆ ಪರಸ್ಪರ ಫಲಿತಾಂಶ ನೋಡುವುದು ಸುಲಭ. ಮೂವರಾದರೆ? ತುಮಕೂರು ಹಾಸನವನ್ನು ಸೋಲಿಸಿದೆ, ಹಾಸನ ಮಂಡ್ಯವನ್ನು, ಮಂಡ್ಯ ತುಮಕೂರನ್ನು ಎಂದಿಟ್ಟುಕೊಳ್ಳಿ. ತಿರುಗಿ ತಿರುಗಿ ಅಲ್ಲಿಗೇ ಬರುತ್ತೀರಿ. ಅದಕ್ಕೆ ಸಮಬಲದ ತಂಡಗಳ ನಡುವಿನ ಪಂದ್ಯಗಳಷ್ಟನ್ನೇ ತೆಗೆದು ಒಂದು ಚಿಕ್ಕ ಪಟ್ಟಿ ಮಾಡುತ್ತಾರೆ. ಯೂರೊ 2004 ಫುಟ್‌ಬಾಲ್‌ನಲ್ಲಿ ಸ್ವೀಡನ್, ಡೆನ್ಮಾರ್ಕ್, ಇಟಲಿ ಮೂರಕ್ಕೂ ಐದೈದು ಅಂಕ, ಮೂವರ ನಡುವಿನ ಮೂರೂ ಪಂದ್ಯ ಡ್ರಾ: 0-0, 1-1, 2-2. ಆ ಚಿಕ್ಕ ಪಟ್ಟಿಯಲ್ಲಿ ಸ್ವೀಡನ್‌ಗೆ ಮೂರು ಗೋಲು, ಡೆನ್ಮಾರ್ಕ್‌ಗೆ ಎರಡು, ಇಟಲಿಗೆ ಒಂದು. ಕೊನೆಯ ಪಂದ್ಯಕ್ಕೆ ಮೊದಲೇ ಎಲ್ಲರಿಗೂ ಗೊತ್ತಿತ್ತು, ಸ್ವೀಡನ್ ಮತ್ತು ಡೆನ್ಮಾರ್ಕ್ 2-2 ಮಾಡಿಕೊಂಡರೆ ಇಟಲಿ ಏನು ಮಾಡಿದರೂ ಹೊರಗೆ ಎಂದು. ಅವರು 2-2 ಮಾಡಿಕೊಂಡರು. ಇಟಲಿಯವರ ಅನುಮಾನ ಇನ್ನೂ ಹೋಗಿಲ್ಲ. ಮೂವರ ನಡುವಿನ ಪಂದ್ಯಗಳನ್ನಷ್ಟೇ ನೋಡುವ ನಿಯಮಕ್ಕೆ ಈ ಅಪಾಯ ಇದ್ದದ್ದೇ.

ಹಾಳೆಯಲ್ಲಿ ಈ ಚಿಕ್ಕ ಪಟ್ಟಿ ಮಾಡಲು ಎಲ್ಲರ ವಿರುದ್ಧ ಎಲ್ಲರ ಫಲಿತಾಂಶದ ಒಂದು ಚೌಕ ಬೇಕು: ಎಡಗಡೆ ತಂಡಗಳು, ಮೇಲುಗಡೆ ಅವೇ ತಂಡಗಳು, ನಡುವೆ ಪಡೆದ ಅಂಕ. ಮೇಲಿನ ಸಾಲಿನಲ್ಲಿ ಪ್ರತಿ ಎದುರಾಳಿಯ ಒಟ್ಟು ಅಂಕವನ್ನೂ ಇಟ್ಟುಕೊಳ್ಳಿ. ಆಗ ಸಮ್‌ಪ್ರಾಡಕ್ಟ್ ಫಂಕ್ಷನ್‌ಗೆ ಒಂದೇ ಕೆಲಸ: ಎದುರಾಳಿಯ ಒಟ್ಟು ಅಂಕ ನನ್ನ ಅಂಕಕ್ಕೆ ಸಮವಿದ್ದಲ್ಲಿ ಮಾತ್ರ ಆ ಚೌಕದ ಅಂಕ ಸೇರಿಸು. ಬಂದ ಮೊತ್ತ ಕೌಂಟ್‌ಇಫ್ಸ್ ಸರಪಣಿಯ ಎರಡನೆಯ ಕೊಂಡಿಯಾಗುತ್ತದೆ. ಮೂವರಲ್ಲಿ ಒಬ್ಬರು ಬೇರೆಯಾಗಿ ಇಬ್ಬರು ಉಳಿದರೆ ಆ ಇಬ್ಬರಿಗೆ ಮತ್ತೆ ಮೊದಲಿಂದ ಪರಸ್ಪರ ಲೆಕ್ಕ ಹಾಕಬೇಕೇ ಎಂಬುದನ್ನು ನಿಯಮ ಹೇಳಿರಬೇಕು. ಯೂರೊ ಕಪ್‌ನಲ್ಲಿ ಹಾಕುತ್ತಾರೆ. ಅದಕ್ಕೆ ಇನ್ನೊಂದು ಕಾಲಂ ಬೇಕು. ಅಲ್ಲಿಂದ ಮುಂದೆ ಫಾರ್ಮುಲಾ ಬರೆದವರನ್ನು ಬಿಟ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ. ಸಣ್ಣ ಪಂದ್ಯಾವಳಿಗೆ ಈ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ.

ಸಮಬಲದ ಬಗ್ಗೆ ಬೇರೆಲ್ಲ ಆಟಗಳಿಗಿಂತ ಹೆಚ್ಚು ತಲೆ ಕೆಡಿಸಿಕೊಂಡಿರುವುದು ಚೆಸ್. 1895ರಲ್ಲಿ ಜೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಸ್ವಿಸ್ ಪದ್ಧತಿಯಲ್ಲಿ ನೂರಾರು ಆಟಗಾರರು ಒಂಬತ್ತೋ ಹನ್ನೊಂದೋ ಸುತ್ತು ಆಡುತ್ತಾರೆ, ಹಾಗಾಗಿ ಒಂದೇ ಅಂಕಕ್ಕೆ ಹತ್ತಿಪ್ಪತ್ತು ಜನ ಬಂದು ನಿಲ್ಲುವುದು ಮಾಮೂಲು. ಅದಕ್ಕೆ 1932ರಲ್ಲಿ ಬ್ರೂನೊ ಬುಖೋಲ್ಟ್ಸ್ ಕೊಟ್ಟ ಉಪಾಯ, ನೀನು ಎದುರಿಸಿದವರೆಲ್ಲರ ಅಂಕ ಕೂಡಿಸು, ಗಟ್ಟಿ ಎದುರಾಳಿಗಳು ಸಿಕ್ಕವರು ಮೇಲೆ. ಹಾಳೆಯಲ್ಲಿ ಪ್ರತಿ ಸುತ್ತಿನ ಎದುರಾಳಿಯ ಕ್ರಮಸಂಖ್ಯೆ ಬರೆದು, ಆ ಸಂಖ್ಯೆಯ ಅಂಕ ಹುಡುಕಿ ಕೂಡಿಸಿದರೆ ಬುಖೋಲ್ಟ್ಸ್ ಸಿದ್ಧ. ಕೊನೆಯ ಸುತ್ತಿನಲ್ಲಿ ಹದಿನೈದನೆಯ ಬೋರ್ಡಿನಲ್ಲಿ ಯಾರೋ ಸೋತದ್ದಕ್ಕೆ ಮೂರನೆಯ ಬೋರ್ಡಿನ ಹುಡುಗಿಯ ಟ್ರೋಫಿ ಏಕೆ ಕೈತಪ್ಪಿತು ಎಂದು ಪೋಷಕರು ಕೇಳಿದಾಗ ಉತ್ತರ ಇಲ್ಲಿದೆ: ಆ ‘ಯಾರೋ’ ಎರಡನೆಯ ಸುತ್ತಿನಲ್ಲಿ ಅವಳ ಎದುರಾಳಿಯಾಗಿದ್ದ. ಎದುರಾಳಿ ನಡುವೆಯೇ ಆಟ ಬಿಟ್ಟು ಮನೆಗೆ ಹೋದರೂ ಪೆಟ್ಟು ಇವಳಿಗೇ. ಅದನ್ನು ತಗ್ಗಿಸಲು ಅತಿ ಕಡಿಮೆ ಅಂಕದ ಒಬ್ಬ ಎದುರಾಳಿಯನ್ನು ಬಿಟ್ಟು ಎಣಿಸುವ ಕ್ರಮವಿದೆ, ಆಡದ ಸುತ್ತುಗಳಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಬೇರೆಯೇ ನಿಯಮ ಇಟ್ಟಿದೆ. ಮಾನ್ಯತೆಯ ಪಂದ್ಯಾವಳಿಗಳಿಗೆ ಸ್ವಿಸ್ ಮ್ಯಾನೇಜರ್‌ನಂಥ ತಂತ್ರಾಂಶ ಇರುವುದು ಇದಕ್ಕೇ. ಅಲ್ಲಿ ಸ್ವಂತ ಎಕ್ಸೆಲ್ ಹಾಳೆ ಹಿಡಿದು ಕೂರುವುದು ಅಪಾಯ.

ಎಲ್ಲರೂ ಎಲ್ಲರೊಡನೆ ಆಡುವ ರೌಂಡ್ ರಾಬಿನ್‌ನಲ್ಲಿ ಬುಖೋಲ್ಟ್ಸ್ ಪೂರ್ತಿ ನಿಷ್ಪ್ರಯೋಜಕ. ಅಲ್ಲಿ ನಿಮ್ಮ ಎದುರಾಳಿಗಳ ಅಂಕವೆಂದರೆ ಒಟ್ಟು ಅಂಕದಲ್ಲಿ ನಿಮ್ಮದನ್ನು ಕಳೆದದ್ದು. ಸಮಬಲದವರಿಗೆಲ್ಲ ಅದು ಒಂದೇ ಆಗಿರುತ್ತದೆ. ಇದನ್ನು ಗಮನಿಸದೆ ಆ ಕಾಲಂ ಸೇರಿಸಿ, ಗಂಟು ಬಿಚ್ಚಲಿಲ್ಲವೆಂದು ಫಾರ್ಮುಲಾ ತಿದ್ದುತ್ತಾ ಕೂರುವವರುಂಟು. ಅಲ್ಲಿಗೆ ಸೊನ್ನೆಬೋರ್ನ್–ಬರ್ಗರ್ ಬೇಕು: ಸೋಲಿಸಿದವರ ಅಂಕ ಪೂರ್ತಿ, ಡ್ರಾ ಮಾಡಿಕೊಂಡವರ ಅಂಕ ಅರ್ಧ. ಇದರ ಒಂದು ರೂಪವೇ ನಮ್ಮ ನೆಲದಲ್ಲಿ ಚೆಸ್ ಒಲಿಂಪಿಯಾಡನ್ನು ತೀರ್ಮಾನಿಸಿತು. 2022ರಲ್ಲಿ ಚೆನ್ನೈ ಬಳಿಯ ಮಾಮಲ್ಲಪುರಂನಲ್ಲಿ ಉಜ್ಬೇಕಿಸ್ತಾನ ಮತ್ತು ಅರ್ಮೇನಿಯಾ ತಲಾ 19 ಅಂಕಕ್ಕೆ ನಿಂತವು, ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯಿತು. ಮಹಿಳೆಯರಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ತಲಾ 18. 17 ಅಂಕದ ಮೂರು ತಂಡಗಳಲ್ಲಿ ಭಾರತದ ಮಹಿಳೆಯರಿಗೆ ಕಂಚು ಸಿಕ್ಕಿದ್ದೂ ಟೈಬ್ರೇಕ್‌ನಿಂದಲೇ.

ವಿಶ್ವ ಚಾಂಪಿಯನ್ ಆನಂದ್‌ಗೆ ಎದುರಾಳಿಯನ್ನು ಆರಿಸಿದ 2013ರ ಲಂಡನ್ ಕ್ಯಾಂಡಿಡೇಟ್ಸ್ ಪಂದ್ಯಾವಳಿ ಇನ್ನೂ ಸ್ವಾರಸ್ಯದ್ದು. ಕಾರ್ಲ್‌ಸನ್ ಮತ್ತು ಕ್ರಾಮ್ನಿಕ್ 14 ಸುತ್ತಿನಲ್ಲಿ ತಲಾ 8.5, ಪರಸ್ಪರ ಆಡಿದ ಎರಡೂ ಪಂದ್ಯ ಡ್ರಾ. ಮುಂದಿನ ಮಾನದಂಡ ಗೆಲುವುಗಳ ಸಂಖ್ಯೆ: ಕಾರ್ಲ್‌ಸನ್ ಐದು, ಕ್ರಾಮ್ನಿಕ್ ನಾಲ್ಕು. ಆದರೆ ಅಂಕ ಸಮವಿದ್ದಾಗ ಹೆಚ್ಚು ಗೆದ್ದವನು ಹೆಚ್ಚು ಸೋತಿರಲೇಬೇಕು. ಕಾರ್ಲ್‌ಸನ್ ಎರಡು ಸೋತಿದ್ದ, ಕ್ರಾಮ್ನಿಕ್ ಒಂದೇ. ಕಡಿಮೆ ಸೋತವರು ಮೇಲೆ ಎಂದು ನಿಯಮ ಬರೆದಿದ್ದರೆ ಆ ವರ್ಷದ ಕೊನೆಗೆ ಚೆನ್ನೈಯಲ್ಲಿ ಆನಂದ್ ಎದುರು ಕೂರುತ್ತಿದ್ದದ್ದು ಕ್ರಾಮ್ನಿಕ್.

ಎಲ್ಲ ಮಾನದಂಡ ಮುಗಿದರೂ ಗಂಟು ಉಳಿದರೆ ಚೀಟಿ ಎತ್ತಬೇಕು. 1990ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ನಡುವೆ ಹೀಗೇ ಎತ್ತಿದರು. 1983ರಲ್ಲಿ ಸ್ಮಿಸ್ಲೋವ್ ಮತ್ತು ಹ್ಯೂಬ್ನರ್ ಚೆಸ್ ಪಂದ್ಯ ಆಸ್ಟ್ರಿಯಾದ ಕ್ಯಾಸಿನೊ ಒಂದರ ರೂಲೆಟ್ ಚಕ್ರದಲ್ಲಿ ಮುಗಿಯಿತು. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಉಳಿದೆಲ್ಲದರಲ್ಲೂ ಸಮವಿದ್ದಾಗ ಚೀಟಿಯ ತನಕ ಹೋಗದೆ, ಕಡಿಮೆ ಹಳದಿ ಕಾರ್ಡ್ ಪಡೆದ ಜಪಾನ್ ಮುಂದೆ ಹೋಯಿತು. ಚೀಟಿಯ ಕೆಲಸವನ್ನು ರ್ಯಾಂಡ್ ಫಂಕ್ಷನ್‌ಗೆ ಒಪ್ಪಿಸುವವರಿದ್ದಾರೆ. ಅದು ಯಾವ ಸೆಲ್ ಮುಟ್ಟಿದರೂ ಹೊಸ ಸಂಖ್ಯೆ ಹುಟ್ಟಿಸುತ್ತದೆ; ಎಂಟರ್ ಒತ್ತಿದಂತೆಲ್ಲ ಚಾಂಪಿಯನ್ ಬದಲಾಗುತ್ತಾನೆ. ನಾಯಕರ ಎದುರಿಗೇ ಚೀಟಿ ಎತ್ತಿ, ಬಂದ ಫಲವನ್ನು ‘ಚೀಟಿ’ ಎಂಬ ಹೆಸರಿನ ಕಾಲಂನಲ್ಲಿ ಕೈಯಿಂದ ಬರೆಯುವುದು ಮರ್ಯಾದೆಯ ಕೆಲಸ.

ಇನ್ನು ಅಂಕಿ ತುಂಬುವವರಿಗೆ ನಾಲ್ಕು ಮಾತು. ವಾಲಿಬಾಲ್ ಫಲಿತಾಂಶವನ್ನು 3-1 ಎಂದು ಒತ್ತಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಈ ಚಾಳಿಗೆ ಬೇಸತ್ತು ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿತು, ಅದರ ಮಾರ್ಗಸೂಚಿ 2020ರಲ್ಲಿ ಹೊರಬಂತು. ಗೆದ್ದ ಸೆಟ್ ಒಂದು ಕಾಲಂ, ಸೋತ ಸೆಟ್ ಇನ್ನೊಂದು ಕಾಲಂ ಇರಲಿ. ಕನ್ನಡದಲ್ಲಿ ಹೆಸರು ತುಂಬುವವರಿಗೆ ಬೇರೆ ಪಾಡು. ಮಂಜುನಾಥ ಮತ್ತು ಮಂಜುನಾಥ್ ಹಾಳೆಗೆ ಇಬ್ಬರು. ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವೋ ಅರ್ಧಾಕ್ಷರ ಬಿಡಿಸುವ ಗುಪ್ತ ಅಕ್ಷರವೋ ಸೇರಿಕೊಂಡರೆ ನೋಡಲು ಒಂದೇ ಥರ ಇರುವ ಹೆಸರೂ ಎರಡಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಅಕಾರಾದಿಯೂ ಸರಿ ಬರದು. ಪ್ರತಿ ಆಟಗಾರನಿಗೆ ಒಂದು ಸಂಖ್ಯೆ ಕೊಟ್ಟು, ಎಲ್ಲ ಹುಡುಕಾಟವನ್ನೂ ಆ ಸಂಖ್ಯೆಯ ಮೇಲೆ ನಡೆಸಿ. ಹೆಸರು ಓದಲಿಕ್ಕಷ್ಟೇ ಇರಲಿ.

ನಗದು ಬಹುಮಾನವಿದ್ದರೆ ಸಮಬಲವನ್ನು ಬಿಡಿಸಲೇಬೇಕೆಂದಿಲ್ಲ. ಎರಡು ಮತ್ತು ಮೂರನೆಯ ಬಹುಮಾನ ಕೂಡಿಸಿ ಇಬ್ಬರಿಗೂ ಅರ್ಧರ್ಧ ಹಂಚಬಹುದು, ಗಾಲ್ಫ್‌ನಲ್ಲಿ ಹಾಗೇ ಮಾಡುತ್ತಾರೆ. ಕಪ್ಪನ್ನು ಕತ್ತರಿಸಲಾಗದು, ಸರಿ. ಆರಾರು ತಿಂಗಳು ಇಟ್ಟುಕೊಳ್ಳಲು ಯಾವ ಫಾರ್ಮುಲಾವೂ ಬೇಕಿಲ್ಲ.

ಸಂಘಟಕರಲ್ಲಿ ಒಂದು ಕೋರಿಕೆ. ಮೊದಲ ಪಂದ್ಯಕ್ಕೆ ಮುನ್ನವೇ ಹಾಳೆಯನ್ನು ತಂಡಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ, ಸುಳ್ಳು ಅಂಕಿ ತುಂಬಿ ಆಡಿಸಿ ನೋಡಲು ನಾಯಕರಿಗೆ ಬಿಡಿ. ಫಾರ್ಮುಲಾದ ಹುಳುಕು ಅವರ ಕಣ್ಣಿಗೇ ಮೊದಲು ಬೀಳುತ್ತದೆ. ಮತ್ತು ಈ ಸಲದ ಕರಪತ್ರ ಅಚ್ಚಿಗೆ ಹೋಗುವ ಮುನ್ನ, ಪ್ರವೇಶ ಶುಲ್ಕದ ಸಾಲಿನ ಕೆಳಗೆ, ಅಂಕ ಸಮವಾದರೆ ಯಾವ ಕ್ರಮದಲ್ಲಿ ಏನೇನು ನೋಡುತ್ತೀರಿ ಎಂಬ ಎರಡು ಸಾಲು ಸೇರಿಸಿ.